ಒಳಕ್ಕೂ ತೆರೆಯದ, ಹೊರಕ್ಕೂ ತೆರೆಯದ ಗೇಟು

ಭಗವಂತನು ಕೆಲವರಿಗೆ ಸಿಂಹಾಸನ ಕೊಡುತ್ತಾನೆ, ಕೆಲವರಿಗೆ ಪಲ್ಲಕ್ಕಿ ಕೊಡುತ್ತಾನೆ. ಗೇಟಪ್ಪನಿಗೆ ಒಂದು ಕಬ್ಬಿಣದ ಗೇಟನ್ನು ಕೊಟ್ಟಿದ್ದನು, ಮತ್ತು ಗೇಟಪ್ಪನು ಅದರಲ್ಲಿ ಯಾವ ಕೊರತೆಯನ್ನೂ ಕಂಡವನಲ್ಲ.

ಹೆತ್ತವರು ಅವನಿಗೆ ಬೇರೆ ಹೆಸರಿಟ್ಟಿದ್ದುದು ನಿಜ. ಆದರೆ ಸಂಬಳದ ಗುಮಾಸ್ತರು ಆ ಹೆಸರನ್ನು ಕೂಗಿದಾಗ ಅವನೇ ಹಿಂದಿರುಗಿ, ಯಾರನ್ನು ಕರೆಯುತ್ತಿದ್ದಾರೆಂದು ನೋಡುತ್ತಿದ್ದನು. ಊರಿಗೆಲ್ಲ ಅವನು ಗೇಟಪ್ಪ. ಅವನ ಕೈಹಿಡಿದವಳು, ಆಕೆಯ ಅಭಿಪ್ರಾಯವನ್ನು ಯಾರೂ ಕೇಳದೆ, ಗೇಟಮ್ಮ.

ಅವನು ಕಾಯುತ್ತಿದ್ದುದು ನಗರಸಭೆಯ ಹಳೆಯ ಉದ್ಯಾನವನ್ನು. ಸುತ್ತಲೂ ಆಳೆತ್ತರವನ್ನು ಮೀರಿದ ಕಲ್ಲಿನ ಗೋಡೆ, ಗೋಡೆಯ ಮೇಲೆ ಸಾಲಾಗಿ ಈಟಿಮೊನೆಯ ಕಂಬಿಗಳು, ಒಳಹೋಗಲು ಒಂದೇ ಗೇಟು. ಗೇಟಿನ ಎರಡು ಪಕ್ಕಗಳಲ್ಲಿ ಕಲ್ಲುಕಂಬಗಳು, ಒಂದೊಂದರ ತುದಿಯಲ್ಲಿ ಒಂದೊಂದು ಸಿಂಹದ ಮುಖ. ಎಡಗಡೆಯ ಸಿಂಹಕ್ಕೆ ಮೂಗಿರಲಿಲ್ಲ. ಗೇಟಿನಿಂದ ಒಳಗೆ ಕಾಲಿಟ್ಟೊಡನೆ ಬಲಕ್ಕೆ ಒಂದು ಪುಟ್ಟ ಮನೆ. ಒಂದು ಕೋಣೆ, ಒಂದು ಅಡುಗೆಮನೆ, ಹೂಪಾತಿಯ ಕಡೆಗೆ ತೆರೆಯುವ ಒಂದು ಕಿಟಕಿ. ಗೇಟಪ್ಪನ ಮಕ್ಕಳು ಆ ಕಿಟಕಿಯಲ್ಲಿ ಕುಳಿತೇ ಅಕ್ಷರ ಕಲಿತು, ದೊಡ್ಡವರಾಗಿ, ತಮ್ಮ ತಮ್ಮ ಸಂಸಾರಗಳಿಗೆ ಹೋದರು. ಆ ಮನೆಯ ವಿಷಯದಲ್ಲಿ ನಗರಸಭೆಯ ಕಟ್ಟಳೆ ಸ್ಪಷ್ಟವಾಗಿತ್ತು: ಗೇಟು ಇರುವ ತನಕ ಗೇಟು ಕಾಯುವವನು, ಗೇಟು ಕಾಯುವವನು ಇರುವ ತನಕ ಅವನಿಗೆ ಮನೆ. ಅದು ಬಾಯಿಮಾತಿನ ಕಟ್ಟಳೆಯಲ್ಲ. ನಗರಸಭೆಯ ಗೋಪುರದ ದೊಡ್ಡ ಗಡಿಯಾರವನ್ನು ರಿಪೇರಿಗೆಂದು ಇಳಿಸಿದ ವಾರದಲ್ಲೇ, ಅದಕ್ಕೆ ಕೀಲಿ ಕೊಡುತ್ತಿದ್ದ ಮುದುಕನು ಹಾಸಿಗೆ ಸುತ್ತಿಕೊಂಡು ಬೀದಿಗೆ ಬಂದುದನ್ನು ಗೇಟಪ್ಪನು ಕಣ್ಣಾರೆ ಕಂಡಿದ್ದನು.

ಕೆಲಸವನ್ನು ಅವನು ಪೂಜೆಯಂತೆ ಮಾಡುತ್ತಿದ್ದನು. ಬೆಳಿಗ್ಗೆ ಗೇಟು ತೆರೆದು ಬಂದವರಿಗೆಲ್ಲ "ಬನ್ನಿ" ಎನ್ನುತ್ತಿದ್ದನು. ಹೋಗುವವರಿಗೆ "ಹೋಗಿ" ಎಂದವನಲ್ಲ, "ಹೋಗಿಬನ್ನಿ" ಎಂದೇ ಅವನ ಮಾತು. ಸಂಜೆ ಮರಮರದ ಬುಡಕ್ಕೂ ಹೋಗಿ, ಬೆಂಚಿನ ಮೇಲೆ ಮಂಪರು ಹತ್ತಿದವರನ್ನು ಮೆಲ್ಲನೆ ಎಬ್ಬಿಸುತ್ತಿದ್ದನು. "ಏಳಿ ಅಣ್ಣ, ಮನೇಲಿ ಕಾಯ್ತಿರ್ತಾರೆ." ಮನೆಯಲ್ಲಿ ಕಾಯುವವರು ಯಾರೂ ಇಲ್ಲದವರು ಯಾರೆಂಬುದೂ ಅವನಿಗೆ ಗೊತ್ತಿತ್ತು. ಅಂಥವರಿಗೆ, "ಏಳಿ ಅಣ್ಣ, ನಾಳೆ ಬೆಳಿಗ್ಗೆ ನಾನು ಕಾಯ್ತಿರ್ತೀನಿ" ಎನ್ನುತ್ತಿದ್ದನು. ಎಷ್ಟೋ ಪ್ರವಚನಗಳಲ್ಲಿ ಸಿಗದ ಸಾಂತ್ವನ ಆ ಒಂದು ಮಾತಿನಲ್ಲಿತ್ತು.

ಹೀಗಿರುವಾಗ ರಾಜಧಾನಿಯಿಂದ ಒಂದು ನಿಯಮ ಹೊರಟಿತು.

ನಿಯಮಗಳನ್ನು ಹಳಿಯುವುದು ಸುಲಭ. ಆದರೆ ಈ ನಿಯಮ ಕರುಣೆಯಿಂದ ಹುಟ್ಟಿದ್ದು. ಎಲ್ಲೋ ದೂರದ ಊರಿನಲ್ಲಿ ಬೆಂಕಿ ಕಾಣಿಸಿಕೊಂಡು, ಒಳಗಿದ್ದ ಜನ ಬಾಗಿಲಿನತ್ತ ನುಗ್ಗಿದಾಗ, ಆ ಬಾಗಿಲು ಒಳಮುಖವಾಗಿ ತೆರೆಯುವಂಥದ್ದಾದ್ದರಿಂದ ತೆರೆಯಲಾಗದೆ ಅನಾಹುತವಾಯಿತು. ಆದುದರಿಂದ ದೇಶದ ಸಾರ್ವಜನಿಕ ಸ್ಥಳಗಳ ಎಲ್ಲ ಗೇಟುಗಳೂ ಇನ್ನು ಹೊರಮುಖವಾಗಿಯೇ ತೆರೆಯತಕ್ಕದ್ದು ಎಂದಿತು ರಾಜಧಾನಿ. ಇದನ್ನು ಬೇಡವೆನ್ನುವ ಕಲ್ಲೆದೆ ಯಾರಿಗಿದೆ?

ಗೇಟಪ್ಪನು ಹೆಂಡತಿಯ ಅಣ್ಣನಾದ ಕಮ್ಮಾರನನ್ನು ಕರೆಸಿದನು. ಕಮ್ಮಾರನು ಗೇಟಿನ ಕೀಲುಗಳನ್ನು ತಿರುಗಿಸಿ ಜೋಡಿಸಿಕೊಟ್ಟನು. ಮರುದಿನ ಮುಂಜಾನೆ ಗೇಟಪ್ಪನು ಭಗವಂತನನ್ನು ನೆನೆದು ಗೇಟನ್ನು ಹೊರಕ್ಕೆ ನೂಕಿದನು. ಅದೇ ಹೊತ್ತಿಗೆ ಕಾಲುದಾರಿಯಲ್ಲಿ, ತಲೆತಗ್ಗಿಸಿ ಏನನ್ನೋ ಯೋಚಿಸುತ್ತ, ನಗರಸಭೆಯ ಎಂಜಿನಿಯರು ನಡೆದು ಬರುತ್ತಿದ್ದರು. ಅವರ ಮೂಗಿಗೂ ಗೇಟಿಗೂ ಆದ ಭೇಟಿಯನ್ನು ವರ್ಣಿಸುವುದು ಸಭ್ಯತೆಯಲ್ಲ. ಎಡಗಡೆಯ ಸಿಂಹಕ್ಕೆ ಒಬ್ಬ ಜೊತೆಗಾರ ದೊರೆತನೆಂದು ಹೇಳಿದರೆ ಸಾಕು.

"ನಗರದ ಉಪನಿಯಮ ಗೊತ್ತೇನಯ್ಯಾ ನಿನಗೆ?" ಎಂದರು ಅವರು, ಕರ್ಚೀಫಿನೊಳಗಿಂದ. "ಯಾವ ಗೇಟೂ ಬೀದಿ ಕಡೆಗೆ ತೆರೀಬಾರದು! ಕುರುಡರು, ಮುದುಕರು, ಬಸುರಿಯರು ಓಡಾಡೋ ದಾರಿ ಇದು!"

ಅದೂ ಕರುಣೆಯೇ. ದೇಶವು ಒಳಗಿನವರ ಮೇಲೆ ಕರುಣೆಯಿಟ್ಟಿತ್ತು, ನಗರವು ಹೊರಗಿನವರ ಮೇಲೆ. ಎರಡು ಕರುಣೆಗಳ ನಡುವೆ ಗೇಟಪ್ಪನು ಕೈಯಲ್ಲಿ ಬೀಗ ಹಿಡಿದು ನಿಂತಿದ್ದನು.

ಕಮ್ಮಾರನು ಮತ್ತೆ ಬಂದು ಗೇಟನ್ನು ಒಳಮುಖ ಮಾಡಿದನು. ಆಗ ರಾಜಧಾನಿಯ ತಪಾಸಣಾಧಿಕಾರಿಗಳು ಬಂದು ಹೌಹಾರಿದರು. ಕಮ್ಮಾರನು ಹೊರಮುಖ ಮಾಡಿದನು. ಎಂಜಿನಿಯರು ಬೀದಿಯ ಆಚೆಬದಿಯಿಂದಲೇ ಕಿರುಚಿದರು, ಒಳಮುಖ ಮಾಡಿದನು. "ಭಾವ," ಎಂದನು ಅವನು ಬೆವರೊರೆಸಿಕೊಳ್ಳುತ್ತ, "ಈ ಗೇಟು ನಮ್ಮ ಅತ್ತೆ ಇದ್ದ ಹಾಗೆ. ಯಾವ ಕಡೆ ಮುಖ ಮಾಡಿ ನಿಂತ್ರೂ ತಪ್ಪು. ತಡಿ, ಎರಡೂ ಕಡೆ ತಿರುಗೋ ಹಾಗೆ ಮಾಡಿಬಿಡ್ತೀನಿ. ಯಾರಿಗೆ ಯಾವ ಕಡೆ ಬೇಕೋ ಆ ಕಡೆ ನೂಕಿಕೊಳ್ಳಲಿ."

ಹಾಗೆಯೇ ಮಾಡಿದನು. ಕಂಬಕ್ಕೆ ಗಟ್ಟಿ ಮೊಳೆಗಳನ್ನು ಮೇಲ್ಮುಖವಾಗಿ ಕೂರಿಸಿ, ಅವುಗಳ ಮೇಲೆ ಗೇಟಿನ ಬಳೆಗಳನ್ನು ಇಳಿಬಿಟ್ಟನು. ಗೇಟು ಗಾಳಿಗೂ ತೂಗುವಷ್ಟು ಹಗುರವಾಗಿ ಎರಡು ಕಡೆಗೂ ತಿರುಗತೊಡಗಿತು. ಎಲ್ಲರಿಗೂ ಒಪ್ಪಿಗೆಯಾಗುವ ಉಪಾಯವೆಂದು ಇಬ್ಬರೂ ಸಂತೋಷಪಟ್ಟರು. ಎಲ್ಲರಿಗೂ ಒಪ್ಪಿಗೆಯಾಗುವ ಉಪಾಯಕ್ಕಿಂತ ಅಪಾಯಕರವಾದುದು ಸರ್ಕಾರಿ ಲೋಕದಲ್ಲಿ ಇನ್ನೊಂದಿಲ್ಲವೆಂಬುದು ಆ ಮುಗ್ಧರಿಗೆ ತಿಳಿಯದು.

ಒಂದು ಬೆಳಿಗ್ಗೆ ಇಬ್ಬರು ಸಾಹೇಬರೂ ಒಟ್ಟಿಗೇ ಬಂದರು. ರಾಜಧಾನಿಯವರನ್ನು ದೇಶದ ಸಾಹೇಬರೆಂದೂ ಎಂಜಿನಿಯರನ್ನು ಊರ ಸಾಹೇಬರೆಂದೂ ಅಷ್ಟರಲ್ಲಾಗಲೇ ಜನ ಕರೆಯುತ್ತಿದ್ದರು. ದೇಶದ ಸಾಹೇಬರು ತೋರವಾದ ಮೈಯವರು, ಮಿತಭಾಷಿಗಳು. ಅವರು ಒಳಗೆ ನಿಂತು ಪರೀಕ್ಷಿಸಿ, "ಗೇಟು ಒಳಕ್ಕೂ ತೆರೆದುಕೊಳ್ತಿದೆ. ನಿಷಿದ್ಧ" ಎಂದರು. ಊರ ಸಾಹೇಬರು ಹೊರಗೆ ನಿಂತು, ಒಂದು ಕೈಯಿಂದ ಮೂಗನ್ನು ಕಾಪಾಡಿಕೊಂಡು, "ಹೊರಕ್ಕೂ ತೆರೆದುಕೊಳ್ತಿದೆ. ನಿಷಿದ್ಧ" ಎಂದರು. ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ತಲೆಹಾಕಲಿಲ್ಲ. ಆ ಮಟ್ಟಿಗೆ ಇಬ್ಬರೂ ಸಜ್ಜನರು. ದೇಶದ ಸಾಹೇಬರು ಗೇಟು ಒಳಕ್ಕೆ ಬಾರದಂತೆ ಒಳಗಡೆ ನೆಲದಲ್ಲಿ ಒಂದು ಕಬ್ಬಿಣದ ಗೂಟ ನೆಡಿಸಿ, ಗೂಟಕ್ಕೂ ಗೇಟಿನ ಒಳಮೈಗೂ ಅರಗಿನ ಮುದ್ರೆಯೊತ್ತಿದರು. ಊರ ಸಾಹೇಬರು ಅದು ಹೊರಕ್ಕೆ ಬಾರದಂತೆ ಹೊರಗಡೆ ಗೂಟ ನೆಡಿಸಿ, ಗೂಟಕ್ಕೂ ಹೊರಮೈಗೂ ಮುದ್ರೆಯೊತ್ತಿದರು. ಕೆಲಸ ಮುಗಿಯಿತು. ಇಬ್ಬರೂ ಕಂಬಿಗಳ ನಡುವೆ ಕೈತೂರಿಸಿ ಕೈಕುಲುಕಿದರು.

ದೇಶದ ಸಾಹೇಬರು ಟೋಪಿ ಸರಿಪಡಿಸಿಕೊಂಡು, "ಗೇಟು ತೆರೆಯಪ್ಪ, ಹೊರಡ್ತೀನಿ" ಎಂದರು.

ಗೇಟಪ್ಪನು ಹೊರಕ್ಕೆ ನೂಕಿದನು. ಒಳಕ್ಕೆ ಎಳೆದನು. ಆಮೇಲೆ ಸಾಹೇಬರ ಮುಖವನ್ನು ನೋಡಿದನು.

ಅಷ್ಟು ಹೊತ್ತಿಗೆ ತರಕಾರಿ ತರಲು ಹೋಗಿದ್ದ ಗೇಟಮ್ಮ ಚೀಲದೊಂದಿಗೆ ಬಂದು ಹೊರಗೆ ನಿಂತಿದ್ದಳು. "ಏನ್ರೀ ಇದು? ಇಲಿಬೋನಿಗೆ ಇಲಿ ಬಿದ್ದ ಹಾಗೆ ನಿಂತಿದ್ದೀರಿ ಇಬ್ರೂ?"

"ಗೂಟ ಹೊಡೆದಿದ್ದಾರೆ ಕಣೆ."

"ಕಿತ್ತಾಕಿ."

"ಮುದ್ರೆ ಒತ್ತಿದ ಗೂಟ, ತಾಯಿ," ಎಂದರು ದೇಶದ ಸಾಹೇಬರು ಗಂಭೀರವಾಗಿ. "ಮೇಲಿನವರ ಅಪ್ಪಣೆಯಿಲ್ಲದೆ ನಾನೇ ಕಿತ್ತರೂ ಕೆಲಸವೂ ಹೋಗುತ್ತೆ, ಜೈಲೂ ಆಗುತ್ತೆ." ಹೊರಗಿನಿಂದ ಊರ ಸಾಹೇಬರು, "ನನಗೂ ಹಾಗೇನೇ" ಎಂದು ದನಿಗೂಡಿಸಿದರು.

ಗೇಟನ್ನು ಪಕ್ಕಕ್ಕೆ ಸರಿಯುವಂತೆ ಮಾಡಬಾರದೇ ಎಂದು ಯಾರೋ ಕೇಳಿದರು. ಅದಕ್ಕೆ ಕಲ್ಲುಕಂಬವನ್ನು ಕದಲಿಸಬೇಕು. ಸಿಂಹಗಳು ಪುರಾತನ ವಸ್ತುಗಳ ಇಲಾಖೆಗೆ ಸೇರಿದವು. ಮಲಗಿರುವ ಮೂರನೆಯ ಇಲಾಖೆಯನ್ನು ಎಬ್ಬಿಸುವ ಧೈರ್ಯ ಯಾರಿಗೂ ಬರಲಿಲ್ಲ. ಮಾಲಿಗಳ ಏಣಿಯನ್ನು ಗೋಡೆಗೆ ಆನಿಸಿದರು. ದೇಶದ ಸಾಹೇಬರು ಅರ್ಧ ಏರಿ, ಈಟಿಮೊನೆಗಳನ್ನು ಕಂಡು, "ಸೊಂಟಪಟ್ಟಿಯಿಲ್ಲದೆ ಎತ್ತರ ಏರುವುದು ಸುರಕ್ಷಾ ನಿಯಮಕ್ಕೆ ವಿರುದ್ಧ" ಎಂದು ಇಳಿದುಬಿಟ್ಟರು. ಏಣಿ ಹಿಡಿದಿದ್ದ ಗೇಟಪ್ಪನಿಗೆ ಅವರ ಮೊಣಕಾಲಿನ ನಡುಕ ಏಣಿಯ ಮೂಲಕ ಅಂಗೈಗೆ ತಿಳಿದಿತ್ತು. ಅವನು ಏನೂ ಹೇಳಲಿಲ್ಲ.

ಅವನು ಹೇಳದೆ ಉಳಿದ ಮಾತು ಇನ್ನೊಂದಿತ್ತು. ಗೇಟು ಒಳಕ್ಕೆ ಬಾರದು, ಹೊರಕ್ಕೆ ಹೋಗದು. ಆದರೆ ಮೊಳೆಗಳ ಮೇಲೆ ಕುಳಿತ ಗೇಟನ್ನು ನಾಲ್ಕು ಜನ ಸೇರಿ ಮೇಲಕ್ಕೆ ಎತ್ತಿದರೆ ಅದು ಕಳಚಿ ಬರುತ್ತಿತ್ತು. ಇದಕ್ಕೆ ಯಾವ ವಿದ್ಯೆಯೂ ಬೇಕಿರಲಿಲ್ಲ, ಕಣ್ಣಿದ್ದವರಿಗೆಲ್ಲ ಕಾಣುವಂಥದ್ದೇ. ಎತ್ತಿದ ಮೇಲೆ ಮಾತ್ರ ಉದ್ಯಾನಕ್ಕೆ ಗೇಟಿಲ್ಲ. ಗೇಟಿಲ್ಲದ ಮೇಲೆ ಗೇಟಪ್ಪನಿಲ್ಲ. ಗೇಟಪ್ಪನಿಲ್ಲದ ಮೇಲೆ ಆ ಕಿಟಕಿ, ಆ ಅಡುಗೆಮನೆ, ಗೇಟಮ್ಮ ಸಂಸಾರ ಹೂಡಿದ ಆ ಒಂದು ಕೋಣೆ ಯಾವುದೂ ಇಲ್ಲ. ಅವನು ಕಣ್ಣು ಕೆಳಗೆ ಹಾಕಿದನು. ಸುದ್ದಿ ಕೇಳಿ ಹೊರಗೆ ಬಂದು ನಿಂತಿದ್ದ ಕಮ್ಮಾರನು ಮೊಳೆಗಳತ್ತ ನೋಡಿ, ತಂಗಿಯತ್ತ ನೋಡಿ, ಕೆಮ್ಮಿ ಸುಮ್ಮನಾದನು.

ಹೀಗೆ ಆ ವಿಚಿತ್ರ ಸಂಸಾರ ಆರಂಭವಾಯಿತು. ಹೆಂಡತಿ ಹೊರಗೆ, ಅಣ್ಣನ ಮನೆಯಲ್ಲಿ. ಗಂಡ ಒಳಗೆ, ಸರ್ಕಾರದೊಂದಿಗೆ. ಗೇಟಪ್ಪನಿಗೇನೋ ಏಣಿ ಹತ್ತಿ ದಾಟುವ ಶಕ್ತಿಯಿತ್ತು. ಆದರೆ ಕಾವಲಿನ ಜಾಗ ಬಿಟ್ಟು, ಅದರಲ್ಲೂ ಅತಿಥಿಯನ್ನು ಒಂಟಿಯಾಗಿ ಬಿಟ್ಟು, ಅವನು ಹೋಗುವವನಲ್ಲ. ಮಂಚವನ್ನು ಸಾಹೇಬರಿಗೆ ಕೊಟ್ಟು ತಾನು ಚಾಪೆ ಹಾಸಿಕೊಂಡನು. ಗೇಟಮ್ಮ ದಿನವೂ ಬಂದು ಕಂಬಿಗಳ ನಡುವೆ ಕಾಯಿಪಲ್ಲೆಗಳನ್ನು ತೂರಿಸಿ, ಅಲ್ಲೇ ನಿಂತು ಅಡುಗೆ ನಡೆಸುತ್ತಿದ್ದಳು.

"ಉಪ್ಪು ಹಾಕಿದ್ರೇನ್ರೀ?"

"ಹಾಕ್ದೆ ಕಣೆ."

"ನಾನೂ ಹಾಕಿದೆನಮ್ಮ," ಎಂದಿತು ಅಡುಗೆಮನೆಯಿಂದ ಸಾಹೇಬರ ದನಿ.

"ಅಯ್ಯೋ ನನ್ನ ಕರ್ಮವೇ! ಅವರೂ ಹಾಕಿ ನೀವೂ ಹಾಕಿದ್ರಾ? ನೋಡಿ, ಇದೇ ಆಗಿದ್ದು ಈ ಗೇಟಿಗೂ!"

ಸಾಹೇಬರು ಸೌಟು ಹಿಡಿದುಕೊಂಡೇ ಹೊರಬಂದು, ಆ ಮಾತನ್ನು ಬಹಳ ಹೊತ್ತು ಯೋಚಿಸಿದರು. ಅಂದಿನ ಅಡುಗೆಯನ್ನು ಇಬ್ಬರೂ ತುಟಿಪಿಟಿಕ್ಕೆನ್ನದೆ ಉಂಡರು.

ಮೇಲಿನವರಿಗೆ ಅರ್ಜಿಗಳು ಹೋದವು. ಇದು ನಗರಾಡಳಿತದ ವಿಷಯವೆಂದು ರಾಜಧಾನಿ ಉತ್ತರಿಸಿತು. ಇದು ರಾಜಧಾನಿಯ ನಿಯಮದ ವಿಷಯವೆಂದು ನಗರಸಭೆ ಉತ್ತರಿಸಿತು. ನಗರಸಭೆಯು ವಿಶೇಷ ಸಭೆ ಸೇರಿ, ಉದ್ಯಾನವು ತೆರೆದಿದೆಯೆಂದೇ ಭಾವಿಸತಕ್ಕದ್ದು ಎಂದು ನಿರ್ಣಯಿಸಿತು. "ಉದ್ಯಾನ ತೆರೆದಿದೆ" ಎಂಬ ಫಲಕವನ್ನು ಊರ ಸಾಹೇಬರೇ ತಂದು ತೂಗುಹಾಕಿದರು. ಬೆಳಗಿನ ನಡಿಗೆಯವರು ಆ ಫಲಕವನ್ನು ಓದಿ, ಗೋಡೆಯ ಹೊರಗಡೆಯೇ ಸುತ್ತು ಹಾಕಿ, ಗೇಟಿನ ಬಳಿ ಬಂದಾಗಲೆಲ್ಲ ಕಂಬಿಗೆ ಮೂಗು ತೂರಿಸಿ ಹೂವಿನ ವಾಸನೆ ನೋಡಿ ಮುಂದೆ ಹೋಗುತ್ತಿದ್ದರು. ಗೇಟಪ್ಪನು ಒಳಗಿನಿಂದಲೇ "ಬನ್ನಿ" ಎನ್ನುವನು, ಅವರು ಬಾರದಿದ್ದುದಕ್ಕೆ ತಾನೇ ನಾಚುವನು, "ಹೋಗಿಬನ್ನಿ" ಎನ್ನುವನು. ಅತ್ತ ರಾಜಧಾನಿಯು ಅಂಕಿ ಅಂಶಗಳನ್ನು ಕೂಡಿಹಾಕಿ, ಈಚೆಗೆ ಒಂದೂ ಅಪಘಾತ ನಡೆಯದ ಈ ಉದ್ಯಾನವು ದೇಶದಲ್ಲೇ ಅತ್ಯಂತ ಸುರಕ್ಷಿತವೆಂದು ಪ್ರಶಸ್ತಿಪತ್ರ ಕಳುಹಿಸಿತು. ಅದಕ್ಕೆ ಗಾಜಿನ ಚೌಕಟ್ಟು ಹಾಕಿದ್ದರಿಂದ ಕಂಬಿಯೊಳಗೆ ತೂರಲಿಲ್ಲ. ಗೇಟಮ್ಮ ಅದನ್ನು ಹೊರಗಿನಿಂದಲೇ ಎತ್ತಿ ಹಿಡಿದು ತೋರಿಸಿದಳು. ದೇಶದ ಸಾಹೇಬರು ಓದಿ, ಮೊದಲ ಬಾರಿಗೆ, ನಗಲೋ ಅಳಲೋ ತಿಳಿಯದೆ ಬೆಂಚಿನ ಮೇಲೆ ಕುಳಿತರು.

ಒಳಗಿನ ಇಬ್ಬರಲ್ಲಿ ಸ್ನೇಹ ಬೆಳೆಯಿತು. ಸಂಜೆ ಗೇಟಪ್ಪನು ಪ್ರಾರ್ಥನೆಗೆ ಕುಳಿತರೆ ಸಾಹೇಬರೂ ಪಕ್ಕದಲ್ಲಿ ಕುಳಿತುಕೊಳ್ಳುವರು. ತಾಯಿಯ ವಿಷಯ ಹೇಳುವರು: ವಯಸ್ಸಾಗಿದೆ, ಅಕ್ಕನ ಮನೆಯಲ್ಲಿದ್ದಾಳೆ, ಇದೇ ಊರಿನ ಆಚೆಯ ತುದಿ, ತಪಾಸಣೆ ಮುಗಿಸಿ ನೋಡಿಕೊಂಡು ಹೋಗೋಣವೆಂದುಕೊಂಡೇ ಬಂದದ್ದು.

ಒಂದು ಮಧ್ಯಾಹ್ನ ಆ ಅಕ್ಕನ ಫೋನು ಬಂತು. ಸಾಹೇಬರ ಮುಖದ ಬಣ್ಣ ಇಳಿದುಹೋಯಿತು. ತಾಯಿ ಬಚ್ಚಲಲ್ಲಿ ಜಾರಿ ಬಿದ್ದಿದ್ದಾಳೆ, ಆಸ್ಪತ್ರೆಗೆ ಸೇರಿಸಿದ್ದಾರೆ, ಕಣ್ಣು ಮುಚ್ಚಿಕೊಂಡೇ ಮಗನ ಹೆಸರು ಕರೆಯುತ್ತಿದ್ದಾಳೆ. ಅವರು ಓಡಿದರು, ಏಣಿಗೆ ಕೈಹಾಕಿದರು, ಮೂರು ಮೆಟ್ಟಿಲು ಏರಿದರು. ಕಾಲುಗಳು ಮುಂದಕ್ಕೆ ಹೋಗಲಿಲ್ಲ. "ಸೊಂಟಪಟ್ಟಿಯಲ್ಲಪ್ಪ, ನನಗೆ ಭಯ. ಚಿಕ್ಕಂದಿನಿಂದ ಭಯ" ಎಂದು ಆ ದೊಡ್ಡ ಮೈಯ ಮನುಷ್ಯ ಏಣಿಯನ್ನು ಅಪ್ಪಿಕೊಂಡೇ ಬಿಕ್ಕಿದರು. ಇಳಿದವರೇ ಪಾತಿಯ ಅಂಚಿನ ಒಂದು ಕಲ್ಲನ್ನು ಎತ್ತಿಕೊಂಡು ತಾವು ನೆಡಿಸಿದ ಗೂಟದ ಕಡೆಗೆ ನಡೆದರು.

ಗೇಟಪ್ಪನು ಆ ಗಳಿಗೆಯಲ್ಲಿ ತನ್ನ ಮನೆಯ ಕಡೆಗೆ ಒಂದು ಸಲ ನೋಡಿದನು. ನೋಡಬಾರದಿತ್ತು ಎಂದು ಆಮೇಲೆ ಹೇಳುತ್ತಿದ್ದನು, ನೋಡಿದ್ದರಿಂದ ಕಷ್ಟವಾಯಿತಂತೆ. ಕಿಟಕಿಯಲ್ಲಿ ಗೇಟಮ್ಮ ಅಂದು ಒಣಹಾಕಿ ಹೋಗಿದ್ದ ಸೀರೆ ಇನ್ನೂ ಹಾಗೆಯೇ ತೂಗುತ್ತಿತ್ತು. "ದೇವರೇ, ನನ್ನಿಂದ ಆಗಲ್ಲ. ನೀನೇ ನನ್ನ ಬಾಯಿ ತೆರೆಸು" ಎಂದು ಮನಸ್ಸಿನಲ್ಲೇ ಬೇಡಿದನು. ಬಾಯಿ ತೆರೆಯಿತು.

"ಕಲ್ಲು ಕೆಳಗಿಡಿ ಸಾಹೇಬ್ರೇ. ಗೇಟನ್ನ ಮೇಲಕ್ಕೆ ಎತ್ತಿದ್ರೆ ಕಳಚಿಕೊಂಡು ಬರುತ್ತೆ."

ಸಾಹೇಬರು ನಿಂತರು. "ಗೊತ್ತು" ಎಂದರು.

"ಗೊತ್ತಾ?"

"ಮೊದಲನೇ ದಿನ ಸಂಜೆನೇ ಹೊಳೀತು. ಹೇಳೋಣ ಅಂತ ಒಳಗೆ ಬಂದೆ. ನೀವು ನನಗೆ ಮಂಚ ಬಿಟ್ಟುಕೊಟ್ಟು ಚಾಪೆ ಹಾಸ್ಕೊಳ್ತಿದ್ರಿ. ಇವರ ಮನೆ ಕಳೆಯೋ ಮಾತು ಇವರ ಮನೇಲೇ ನಿಂತು ಹೆಂಗೆ ಹೇಳಲಿ?" ಅವರು ಮತ್ತೆ ಕಲ್ಲನ್ನು ಎತ್ತಿದರು. "ಸರೀರಿ ಗೇಟಪ್ಪ. ನನ್ನ ಕೆಲಸ ಹೋಗಲಿ."

"ನಿಮ್ಮದು ಹೋದ್ರೆ ಜೈಲೂ ಇದೆ. ನನ್ನದು ಹೋದ್ರೆ ಮನೆ ಮಾತ್ರ. ನನ್ನದೇ ಹೋಗಲಿ."

"ಆಗಲ್ಲ. ಗೂಟ ನನ್ನದು."

"ಗೇಟು ನನ್ನದು ಸಾಹೇಬ್ರೇ!"

ಹೊರಗೆ ಅಣ್ಣನೊಂದಿಗೆ ಬಂದು ನಿಂತಿದ್ದ ಗೇಟಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ತನ್ನ ಮನೆ ಎಂಬುದು ಈ ಇಬ್ಬರು ಗಂಡಸರ ಬಾಯಲ್ಲಿ ಚೆಂಡಾಗಿರುವುದನ್ನು ಕೇಳಿ ಒಂದು ಕ್ಷಣ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಒಂದೇ ಕ್ಷಣ. ಆಮೇಲೆ ಕಂಬಿ ಹಿಡಿದು ಅಲುಗಾಡಿಸಿದಳು. "ಮಹಾರಾಯರಾ, ಯಾರದ್ದಾದ್ರೂ ಒಂದು ಕೆಲಸ ಬೇಗ ಹೋಗಲಿ! ಆ ತಾಯಿ ಅಲ್ಲಿ ಕಾಯ್ತಿದ್ದಾಳೆ! ಅಣ್ಣಾ, ಬಾರೋ, ಹಿಡಿ ಈ ಕಡೆ!"

ಕಮ್ಮಾರನೂ ಗೇಟಮ್ಮನೂ ಹೊರಗಿನಿಂದ, ಗೇಟಪ್ಪನೂ ಸಾಹೇಬರೂ ಒಳಗಿನಿಂದ ಹೆಗಲು ಕೊಟ್ಟರು. ಒಳಕ್ಕೆ ಬಾರದೆಂದು ದೇಶ ಹೇಳಿತ್ತು, ಹೊರಕ್ಕೆ ಬಾರದೆಂದು ಊರು ಹೇಳಿತ್ತು. ಮೇಲಕ್ಕೆ ಬಾರದೆಂದು ಯಾರೂ ಹೇಳಿರಲಿಲ್ಲ. ಆ ದಿಕ್ಕನ್ನು ಭಗವಂತನು ತನ್ನ ಕೈಯಲ್ಲೇ ಇಟ್ಟುಕೊಂಡಿದ್ದಾನೆ. ಗೇಟು ನರಳಿ, ಮೊಳೆಗಳಿಂದ ಕಳಚಿ, ಹುಲ್ಲಿನ ಮೇಲೆ ಮಲಗಿತು. ಗೂಟಗಳು ಗೂಟಗಳ ಜಾಗದಲ್ಲೇ ಇದ್ದವು; ಮುದ್ರೆಗಳು ಮುಕ್ಕಾಗಲಿಲ್ಲ. ದೇಶದ ಸಾಹೇಬರು ಗೂಟಗಳ ಪಕ್ಕದಲ್ಲಿ ಮೈಯನ್ನು ಅಡ್ಡ ಮಾಡಿ ನುಸುಳಿ, ಹಿಂದಿರುಗಿ ಕೈಮುಗಿದರು.

"ಹೋಗಿಬನ್ನಿ" ಎಂದನು ಗೇಟಪ್ಪ.

ತಾಯಿಯ ಸೊಂಟಕ್ಕೆ ಪೆಟ್ಟಾಗಿತ್ತು, ಪ್ರಾಣಕ್ಕೆ ಅಪಾಯವಿರಲಿಲ್ಲ. ಮಗನ ಕೈ ಸಿಕ್ಕಿದೊಡನೆ ಆಕೆ ಕಣ್ಣು ತೆರೆದು, "ದಪ್ಪ ಆಗಿದ್ದೀಯಲ್ಲೋ, ಯಾರೋ ಅಷ್ಟು ಚೆನ್ನಾಗಿ ನೋಡಿಕೊಂಡೋರು?" ಎಂದಳಂತೆ.

ಇತ್ತ ಗೇಟಮ್ಮ ಎಷ್ಟೋ ದಿನಗಳ ಮೇಲೆ ತನ್ನ ಮನೆಗೆ ಕಾಲಿಟ್ಟು, ಪಾತ್ರೆಗಳ ಗತಿಯನ್ನು ಕಂಡು ಎರಡು ಸರ್ಕಾರಗಳಿಗೂ ಸೇರಿಸಿ ಬೈದು, ಎಲ್ಲವನ್ನೂ ಫಳಫಳ ತಿಕ್ಕಿ, ಆಮೇಲೆ ಒಂದೊಂದಾಗಿ ಗೋಣಿಚೀಲಕ್ಕೆ ತುಂಬತೊಡಗಿದಳು. ಗೇಟಪ್ಪನು ಹಗ್ಗ ಹಿಡಿದುಕೊಂಡು ಎದುರಿಗೆ ಕುಳಿತನು. "ಬೈಯಲ್ವೇನೇ ನನ್ನ?" ಎಂದನು. "ಚೀಲ ಕಟ್ಟಿ ಮುಗೀಲಿ. ಆಮೇಲೆ ಪುರುಸೊತ್ತಾಗಿ" ಎಂದಳು ಅವಳು.

ಬೆಳಿಗ್ಗೆ ಊರ ಸಾಹೇಬರು ಬಂದರು. ಜೇಬಿನಲ್ಲಿ ನಗರಸಭೆಯ ಅಪ್ಪಣೆಯಿತ್ತು: ಗೇಟು ಇಲ್ಲವಾದ್ದರಿಂದ ಮನೆ ತೆರವು ಮಾಡತಕ್ಕದ್ದು. ಅದನ್ನು ತೆಗೆಯಲು ಕೈ ಒಪ್ಪಲಿಲ್ಲವೇನೋ, ಅವರು ಹುಲ್ಲಿನ ಮೇಲಿದ್ದ ಗೇಟಿನ ಸುತ್ತ ನಡೆದಾಡಿದರು. "ಇದನ್ನ ನಮ್ಮ ಉಗ್ರಾಣಕ್ಕೆ ಸಾಗಿಸಬೇಕು" ಎಂದರು. ಬಗ್ಗಿ ನೋಡಿದರು. ಮೇಲ್ಮುಖವಾಗಿದ್ದುದು ಒಳಮೈ. ಅದರ ಮೇಲೆ ರಾಜಧಾನಿಯ ಮುದ್ರೆ.

"ಇದನ್ನ ಮುಟ್ಟೋ ಹಾಗಿಲ್ಲ" ಎಂದರು ಅವರು ನಿಧಾನವಾಗಿ. "ರಾಜಧಾನಿಯವರೂ ಮುಟ್ಟೋ ಹಾಗಿಲ್ಲ, ಕೆಳಗಡೆ ನಮ್ಮ ಮುದ್ರೆ ಇದೆ. ಅಂದ್ರೆ ಇತ್ಯರ್ಥ ಆಗೋ ತನಕ ಇದು ಇಲ್ಲೇ ಇರಬೇಕು. ಕಳುವಾದ್ರೆ ನನ್ನ ತಲೆಗೆ ಬರುತ್ತೆ." ಅವರು ನೆಟ್ಟಗೆ ನಿಂತರು. ಮೂಗಿನ ಮೇಲಿನ ಪಟ್ಟಿಯ ಹಿಂದೆ ಒಂದು ನಗು ಹರಡುತ್ತಿತ್ತು. ಕಾನೂನಿನೊಳಗೇ ಒಂದು ಕರುಣೆಯ ಸಂದು ಸಿಕ್ಕ ಮನುಷ್ಯನ ನಗು. "ಅಲ್ಲಯ್ಯಾ, ಗೇಟು ಇಲ್ಲ ಅಂದೋರು ಯಾರು? ಇದೆಯಲ್ಲ! ನಿಂತಿಲ್ಲ, ಮಲಗಿದೆ, ಅಷ್ಟೇ. ಕಾಯೋಕೆ ಒಬ್ಬ ಬೇಕೇ ಬೇಕು."

ಒಳಗೆ ಗೋಣಿಚೀಲದಿಂದ ಪಾತ್ರೆಗಳು ದಡಬಡನೆ ಹೊರಬರುವ ಸದ್ದು ಕೇಳಿಸಿತು.

ಆ ವಿಷಯದಲ್ಲಿ ದೇಶವೂ ಊರೂ ಮೊದಲ ಬಾರಿಗೆ ಒಂದೇ ಅಭಿಪ್ರಾಯಕ್ಕೆ ಬಂದವು: ಗೇಟನ್ನು ಕಾಯತಕ್ಕದ್ದು. ಈಗ ಉದ್ಯಾನಕ್ಕೆ ಜನ ಹಗಲೆಲ್ಲ ಬರುತ್ತಾರೆ, ಹೋಗುತ್ತಾರೆ. ಗೇಟಪ್ಪನು ಹುಲ್ಲಿನ ಮೇಲೆ ಮಲಗಿದ ಗೇಟಿನ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಎಲ್ಲರಿಗೂ "ಬನ್ನಿ" ಎನ್ನುತ್ತಾನೆ.

ಆದರೆ ಗೇಟಿನಡಿಯ ಹುಲ್ಲು ಹಳದಿಯಾಗುತ್ತದೆಂದು ಮಾಲಿಗಳ ದೂರು. ಮಗ್ಗುಲು ಬದಲಿಸೋಣವೆಂದರೆ ಯಾರ ಮುದ್ರೆ ಮೇಲಿರಬೇಕು, ಯಾರದು ಕೆಳಗಿರಬೇಕು ಎಂಬ ಹೊಸ ಪ್ರಶ್ನೆ ಎದ್ದಿದೆ. ಇದನ್ನು ವಿಚಾರಿಸಲು ಇಬ್ಬರು ಸಾಹೇಬರೂ ತಪ್ಪದೆ ಬರುತ್ತಾರೆ, ಗೇಟಿನ ಆಚೆಯೊಬ್ಬರು ಈಚೆಯೊಬ್ಬರು ಕೂರುತ್ತಾರೆ, ಗೇಟಮ್ಮ ಕೊಟ್ಟ ಚಹಾ ಕುಡಿಯುತ್ತಾರೆ.

"ಏನಾಯ್ತು, ತೀರ್ಮಾನ ಆಯ್ತಾ?" ಎಂದು ಅವಳು ಲೋಟಗಳನ್ನು ತೆಗೆದುಕೊಳ್ಳುತ್ತ ಕೇಳುತ್ತಾಳೆ.

"ಇಲ್ಲಮ್ಮ," ಎನ್ನುತ್ತಾರೆ ದೇಶದ ಸಾಹೇಬರು. "ಬಹಳ ಜಟಿಲವಾದ ವಿಷಯ. ಮುಂದಿನ ವಾರವೂ ಬರಬೇಕಾಗುತ್ತೆ."

"ಬನ್ನಿ, ಬನ್ನಿ. ಸಕ್ಕರೆ ಮಾತ್ರ ನಾನೊಬ್ಬಳೇ ಹಾಕ್ತೀನಿ."